ಅವ್ವ ಕಂಪ್ಯೂಟರಿನಲ್ಲಿ ಓದಿದ್ದು

ನಾಶಿಕದ ನಮ್ಮ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಯಜಮಾನರ ಮನೆತನ ಬೀದರ್ ಕಡೆಯದೇ ಆದರೂ ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಮಗಳಿಗೆ ಮಾತು ತಿಳಿಯುತ್ತದೆ, ಅಕ್ಷರ ಗೊತ್ತಿಲ್ಲ. ಅದಕ್ಕೇ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಾಗ, ಮೊಬೈಲಿನಲ್ಲಿ ಅದರ ಬಗ್ಗೆ ನಾನು ಹುಡುಕಿದ್ದೆಲ್ಲ ಕನ್ನಡದಲ್ಲಿ. ಮಗಳು ಆಗಾಗ ಅದೇ ಮೊಬೈಲ್ ಎತ್ತಿಕೊಳ್ಳುತ್ತಿದ್ದಳು. ಪರೀಕ್ಷೆಯ ಹೊತ್ತಿನಲ್ಲಿ ಅವಳಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಡಾಕ್ಟರು ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವ ತನಕ ಯಾರಿಗೂ ಹೇಳುವುದು ಬೇಡ ಎಂದು ನಾನೂ ಯಜಮಾನರೂ ನಿರ್ಧರಿಸಿದೆವು. ಅವ್ವನಿಗಂತೂ ಖಂಡಿತ ಬೇಡ. ಅವಳ ಸ್ವಂತ ತಂಗಿ ಎದೆಯ ಕ್ಯಾನ್ಸರಿನಿಂದ ಹೋದವಳು. ಕೊನೆಯವರೆಗೂ ಆರೈಕೆ ಮಾಡಿದ್ದು ಅವ್ವನೇ.

ಅವ್ವ ಇರುವುದು ಸಂಭಾಜಿನಗರದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅಕ್ಕನ ಫೋನ್ ಬಂತು.

"ನಿನಗ ಏನಾಗ್ಯಾದ? ಖರೇ ಹೇಳು."

"ಏನಾಗಿಲ್ಲಲ್ಲ. ಯಾಕ?"

"ಎದಿಯಾಗ ಗಂಟ್ ಆಗ್ಯಾದಂತ. ಅವ್ವ ನಿನ್ನೆಯಿಂದ ಊಟ ಮಾಡಿಲ್ಲ."

ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು ಅಲ್ಲೇ ಕುಳಿತೆ. ಯಾರು ಹೇಳಿದರು ಎಂದು ಕೇಳಿದೆ. "ಯಾರೂ ಹೇಳಿಲ್ಲ, ಕಂಪ್ಯೂಟರದಾಗ ಬಂದದ" ಎಂದಳು.

ದೀಪಾವಳಿಗೆ ಹೋದಾಗ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ನನ್ನ ಮೇಲ್ ತೆರೆದು ವಾಪಸ್ ಬಸ್ಸಿನ ಟಿಕೆಟ್ ಪ್ರಿಂಟ್ ತೆಗೆದಿದ್ದೆ. ಬ್ರೌಸರ್ ಏನೋ ಕೇಳಿತ್ತು, ಎಲ್ಲರೂ ಒತ್ತುವಂತೆ ನಾನೂ ಹೂಂ ಎಂದು ಒತ್ತಿದ್ದೆ. ಅಂದಿನಿಂದ ನಾಶಿಕದಲ್ಲಿ ನಾನು ಮೊಬೈಲಿನಲ್ಲಿ ಹುಡುಕಿದ್ದೆಲ್ಲ ಅಲ್ಲಿಗೂ ಹೋಗಿ ಸೇರುತ್ತಿತ್ತು. ಆ ಮನೆಯ ಮಕ್ಕಳಿಗೂ ಕನ್ನಡ ಓದಲು ಬಾರದು, ಅವರು ಅದನ್ನು ಕಂಡರೂ ಕಾಣದಂತೆ ದಾಟಿಹೋಗಿರಬೇಕು. ಆದರೆ ಅವ್ವ ದಿನಾ ಮುಂಜಾನೆ ಅದರಲ್ಲಿ ಹಾಡು ಕೇಳುತ್ತಾಳೆ. ಎಲ್ಲಮ್ಮನ ಹಾಡಿಗೆಂದು 'ಎ' ಒತ್ತಿದ್ದಾಳೆ. ಕೆಳಗೆ ಸಾಲಾಗಿ ನನ್ನ ಪ್ರಶ್ನೆಗಳು ಬಂದಿವೆ: ಎದೆಯಲ್ಲಿ ಗಂಟು ನೋವಿಲ್ಲ. ಎದೆಯ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ. ಎದೆ ತೆಗೆದ ಮೇಲೆ ಎಷ್ಟು ವರ್ಷ ಬದುಕಬಹುದು.

ಕಾಯಿಲೆ ಅಕ್ಕನಿಗೇ ಎಂದುಕೊಂಡು ಅವ್ವ ಇಡೀ ದಿನ ಅವಳ ಹಿಂದೆ ಹಿಂದೆ ತಿರುಗಿದ್ದಾಳೆ, ಅವಳ ಕೈಯಿಂದ ಕೊಡ ಕಸಿದುಕೊಂಡಿದ್ದಾಳೆ. ಕೊನೆಗೆ ತಡೆಯಲಾರದೆ ಅತ್ತಾಗ ಅಕ್ಕ ಕಂಪ್ಯೂಟರ್ ನೋಡಿದ್ದಾಳೆ. ಪರದೆಯ ಮೂಲೆಯಲ್ಲಿ, ಖಾತೆಯ ಗುರುತಾಗಿ ಇದ್ದದ್ದು ನನ್ನ ಫೋಟೋ.

ಆ ಭಾನುವಾರವೇ ಬಸ್ ಹತ್ತಿದೆ. ನಾನು ಮುಟ್ಟುವುದರೊಳಗೆ ಬೀದರಿನ ಸೋದರಮಾವನಿಗೆ, ಅವರಿಂದ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು. ದಾರಿಯುದ್ದಕ್ಕೂ ಫೋನು. "ಧೈರ್ಯ ಬಿಡಬ್ಯಾಡ ತಂಗಿ" ಎಂದವರೊಬ್ಬರು ಮರುಕ್ಷಣವೇ, "ಮಗಳ ಮದಿವಿ ಲಗೂ ಮುಗಿಸಿಬಿಡು" ಎಂದರು. ಮಗಳಿಗೂ ಯಾರೋ ಫೋನ್ ಮಾಡಿ ಸಮಾಧಾನ ಹೇಳಿದ್ದರು. ಅವಳು ನನಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು ಮರಾಠಿಯಲ್ಲಿ ಅಮ್ಮಾ ಎನ್ನುವ ಒಂದೇ ಶಬ್ದ, "ಆಯೀ?"

ಭಾವ ಕಂಪ್ಯೂಟರಿನ ಮುಂದೆ ಕುಳಿತು ಅದರಿಂದ ನನ್ನ ಖಾತೆಯನ್ನು ತೆಗೆದುಹಾಕಿ, ಎಲ್ಲವನ್ನೂ ಅಳಿಸಿದರು. "ಈಗ ಏನೂ ಉಳದಿಲ್ಲ ನೋಡ್ರಿ" ಎಂದರು. ಅದರ ಪಕ್ಕದ ಮಂಚದ ಮೇಲೆಯೇ ಅವ್ವ ಕುಳಿತಿದ್ದಳು, ಎಲ್ಲವನ್ನೂ ಓದಿಯಾಗಿದ್ದ ಅವ್ವ.

ಮುಂದಿನ ವಾರ ರಿಪೋರ್ಟ್ ಬಂತು. ಅದು ಬರೀ ಕೊಬ್ಬಿನ ಗಂಟು, ಹೆದರುವಂಥದ್ದೇನೂ ಇಲ್ಲ. ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು. ಅವ್ವನಿಗೆ ಫೋನಿನಲ್ಲಿ ಹೇಳಿದೆ, ಅವಳು ಹೂಂ ಎಂದಳಷ್ಟೆ. ಮತ್ತೆ ರಜೆ ಹಾಕಿ ಹೋಗಿ ರಿಪೋರ್ಟನ್ನು ಕೈಗೇ ಕೊಟ್ಟೆ. ತಿರುವಿ ನೋಡಿದಳು. ಅದೆಲ್ಲ ಇಂಗ್ಲಿಷಿನಲ್ಲಿತ್ತು.

"ನೀ ಹಿಂದ ಏನಾಗಿಲ್ಲ ಅಂದಿದ್ದಿ. ಈಗೂ ಏನಿಲ್ಲ ಅಂತಿ" ಎಂದಳು. "ಅದರಾಗ ನಾ ಕಣ್ಣಾರೆ ಓದೀನಿ. ಎಷ್ಟ್ ವರ್ಷ ಬದುಕ್ತಾರಂತ ಕೇಳಿದಿ ನೀ."

"ಅಂಜಿಕಿಗಿ ಕೇಳೀನವ್ವ. ಅದು ಬರೇ ಪ್ರಶ್ನಿ."

"ಮತ್ತ ಅಳಿಸಿದ್ಯಾಕ?"

ಆಮೇಲೂ ನಾನು ಏನಾದರೂ ಹುಡುಕಿದೆನೋ ಎಂದು ಅವಳು ದಿನಾ ಅಲ್ಲಿ 'ಎ' ಒತ್ತಿ ನೋಡುತ್ತಾಳಂತೆ, ಅಕ್ಕ ಹೇಳಿದಳು. ಏನೂ ಕಾಣದಿದ್ದಷ್ಟೂ ಅವಳ ಭಯ ಗಟ್ಟಿಯಾಗುತ್ತಿದೆ. ಭಾವ ಖಾತೆ, ಪಾಸ್‌ವರ್ಡ್ ಎಂದೆಲ್ಲ ಬಿಡಿಸಿ ಹೇಳಲು ನೋಡಿದರು. ಅವ್ವ ಕೇಳಿಸಿಕೊಳ್ಳಲಿಲ್ಲ. ಅಕ್ಕನನ್ನು ಕರೆದು, "ಆಕಿಗಿ ಹಾಲ್ ಕಾಸಿ ಕೊಡು, ಸೊರಗ್ಯಾಳ" ಎಂದಳು.

ನಾನು ಸೊರಗಿರಲಿಲ್ಲ. ಹಾಲು ಬಂತು, ಕುಡಿದೆ.