ಮಂಗಫಿನ ಬಾಯಮ್ಮ

ಬಾಯಮ್ಮನ ಅಂಗೈಗಳು ಒಣಗಿದ ಗದ್ದೆಯ ಹಾಗೆ ಬಿರಿದಿದ್ದವು. ಇಪ್ಪತ್ತು ವರ್ಷ ಆಸ್ಪತ್ರೆಯ ಸ್ಪಿರಿಟ್ಟಿನಲ್ಲಿ ತೊಳೆದ ಕೈಗಳು. ಎಷ್ಟು ತೆಂಗಿನೆಣ್ಣೆ ತಿಕ್ಕಿದರೂ ಬಿರುಕು ಮುಚ್ಚುತ್ತಿರಲಿಲ್ಲ. ಕೆನ್ನೆ ಸವರಲು ಬಂದರೆ ನನ್ನ ಮಗಳು "ಚುಚ್ಚುತ್ತದೆ" ಎಂದು ಓಡುತ್ತಿದ್ದಳು.

ಕುವೈತಿನ ಮಂಗಫಿನಲ್ಲಿ ಅವರು ನಮ್ಮ ಎದುರು ಬಾಗಿಲಿನವರು. ಮಂಗಳೂರಿನ ಕೊಂಕಣಿ ಕ್ರೈಸ್ತರು, ನರ್ಸ್. ತುಳು ಮನೆಯಿಂದ ಬಂದ ನಾನು ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಬಾಯಮ್ಮ ಎನ್ನುತ್ತಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಲಿಫ್ಟಿಗೂ ಹೆದರುತ್ತಿದ್ದ ನನಗೆ ಅವರು ಹೇಳಿದ್ದು ಒಂದೇ ಮಾತು: "ಹೆದರು ಮಾರಾಯ್ತಿ, ಯಾರು ಬೇಡ ಹೇಳಿದ್ದು? ಆದ್ರೆ ಕೈಕೆಲಸ ನಿಲ್ಲಿಸ್ಬೇಡ."

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಕಟ್ಟಡದಲ್ಲಿ ಅರ್ಧದಷ್ಟು ಮನೆಗಳು ಖಾಲಿಯಾದವು. ಬಾಯಮ್ಮನ ಗಂಡ ರಜೆಗೆ ಊರಿಗೆ ಹೋದವರು ಅಲ್ಲೇ ಉಳಿದಿದ್ದರು. ಒಟ್ಟಿಗಿದ್ದರೆ ಧೈರ್ಯವೆಂದು ಗಂಡ, ಮಗಳು, ನಾನು ಮೂವರೂ ಕೆಳಮನೆಯ ಮಲಯಾಳಿ ದಂಪತಿಯೂ ಬಾಯಮ್ಮನ ಎರಡು ಕೋಣೆಯ ಮನೆಗೆ ಸೇರಿಕೊಂಡೆವು. ಬಚ್ಚಲು ಒಂದೇ. ನೀರು ಬರುವುದು ದಿನಕ್ಕೊಂದು ಗಂಟೆ.

ಮೂರನೆಯ ವಾರ ಬಾಯಮ್ಮ ಡ್ಯೂಟಿ ಮುಗಿಸಿ ಬರುವಾಗ ಜೊತೆಗೆ ಇನ್ನೊಬ್ಬ ನರ್ಸ್ ಇದ್ದಳು, ಅವಳ ಕೈ ಹಿಡಿದು ಐದು ವರ್ಷದ ಹುಡುಗಿ. ಬಾಗಿಲು ಮುಚ್ಚಿದ ಮೇಲೆ ಗೊತ್ತಾಯಿತು: ಸಮವಸ್ತ್ರ ಬಾಯಮ್ಮನದು, ಒಳಗಿದ್ದವಳು ಕುವೈತಿ ಹೆಂಗಸು. ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುವವಳು. ಗಂಡ ಕುವೈತಿ ಸೈನ್ಯದ ಅಧಿಕಾರಿ. ಅಂಥವರ ಹೆಂಡತಿ ಮಕ್ಕಳನ್ನು ಇರಾಕಿಗಳು ಮನೆಮನೆ ಹುಡುಕುತ್ತಿದ್ದರು. ಅಡಗಿಸಿಟ್ಟವರನ್ನು ಗುಂಡಿಕ್ಕುತ್ತಾರೆಂಬ ಸುದ್ದಿಯಿತ್ತು.

"ಎರಡೇ ದಿನ" ಎಂದರು ಬಾಯಮ್ಮ. ಎರಡು ದಿನ ಒಂದು ತಿಂಗಳಾಯಿತು.

ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ ತಾಯಿ ಬಚ್ಚಲಿನ ಮೇಲಿನ ಅಟ್ಟಕ್ಕೆ ಹತ್ತಿ ಸೂಟ್‌ಕೇಸುಗಳ ಹಿಂದೆ ಮಲಗಬೇಕು. ಹುಡುಗಿಗೆ ಕತ್ತಲೆಂದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಬಾಯಮ್ಮ ಅವಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ನನ್ನ ಮಗಳ ಫ್ರಾಕು ತೊಡಿಸಿ, ಹೊರಗಿನವರ ಮುಂದೆ ಮಾತು ಖಲಾಸ್ ಎಂದು ತುಟಿಯ ಮೇಲೆ ಬೆರಳಿಟ್ಟು ಕಲಿಸಿದರು.

ಒಂದು ಮಧ್ಯಾಹ್ನ ನಾನು ಅಂದೇಬಿಟ್ಟೆ. "ಬಾಯಮ್ಮ, ನನಗೂ ಒಂದು ಮಗು ಉಂಟು. ಇವರನ್ನು ಬೇರೆ ಕಡೆ ಕಳಿಸಿ."

ಆ ತಾಯಿ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ಭಾಷೆ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. ಚೂರಿ ಕೆಳಗಿಟ್ಟು ಮಗಳ ಚಪ್ಪಲಿ ಹುಡುಕತೊಡಗಿದಳು. ಬಾಯಮ್ಮ ಅವಳ ಭುಜ ಒತ್ತಿ ಕೂರಿಸಿದರು. ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ಎಲ್ಲಿಗೆ ಅಂತ ನೀನೇ ಹೇಳು. ಅಲ್ಲಿಗೆ ಕಳಿಸುವ" ಎಂದರು.

ಅವರೊಂದಿಗೆ ಮೂರು ದಿನ ಮಾತು ಬಿಟ್ಟೆ.

ನಾಲ್ಕನೆಯ ದಿನ ಸೈನಿಕರು ಬಂದರು. ನನ್ನ ಗಂಡನೂ ಮಲಯಾಳಿ ದಂಪತಿಯೂ ರೊಟ್ಟಿಯ ಕ್ಯೂಗೆ ಹೋಗಿದ್ದರು. ತಾಯಿ ಅಟ್ಟ ಸೇರಿದಳು. ಬಾಯಮ್ಮ ನೆಲದ ಮೇಲೆ ಕೂತು ಮಕ್ಕಳಿಬ್ಬರಿಗೂ ಗಂಜಿ ಉಣಿಸುತ್ತಿದ್ದವರು ಏಳಲೇ ಇಲ್ಲ. ಎಡಗೈಯಲ್ಲಿ ಆಸ್ಪತ್ರೆಯ ಕಾರ್ಡು ತೋರಿಸಿದರು. ಒಬ್ಬ ಕಪಾಟು ತೆರೆದ, ಬಚ್ಚಲಿಗೂ ಇಣುಕಿದ. ಇನ್ನೊಬ್ಬ, ಮೀಸೆಯೂ ಸರಿಯಾಗಿ ಮೂಡದವನು, ಮಕ್ಕಳ ಮುಂದೆ ಕುಕ್ಕರಿಸಿ ನಗುತ್ತಾ "ಶಿಸ್ಮಿಚ್?" ಎಂದ. ನಿನ್ನ ಹೆಸರೇನು?

ನನ್ನ ಮಗಳಿಗೆ ಅರ್ಥವಾಗಲಿಲ್ಲ, ಅವನನ್ನೇ ನೋಡುತ್ತಿದ್ದಳು. ಇನ್ನೊಬ್ಬಳಿಗೆ ಅದು ತಾಯಿನುಡಿ. ಎಷ್ಟೋ ದಿನಗಳ ಮೇಲೆ ಹೊರಗಿನವರೊಬ್ಬರು ಅವಳ ಮಾತಿನಲ್ಲಿ ಪ್ರೀತಿಯಿಂದ ಕೇಳಿದ್ದರು. ತುಟಿ ತೆರೆಯಿತು.

ಬಾಯಮ್ಮ ಆ ಬಾಯಿಗೆ ಗಂಜಿಯ ದೊಡ್ಡ ತುತ್ತಿಟ್ಟರು. ಅವಸರವಿಲ್ಲ. ಮುಂದಿನ ತುತ್ತು ನನ್ನ ಮಗಳಿಗೆ.

ಸೈನಿಕ ಹುಡುಗ ಎದ್ದು, ಎರಡು ಬೆರಳೆತ್ತಿ ನನ್ನನ್ನು ನೋಡಿದ. ಇಬ್ಬರೂ ನಿನ್ನವರೇ?

ಬಾಯಮ್ಮ ನನ್ನತ್ತ ತಿರುಗಲಿಲ್ಲ. ತಟ್ಟೆಯ ಅಂಚಿನ ಉಪ್ಪಿನಕಾಯಿಯನ್ನು ಗಂಜಿಗೆ ಕಲಸುತ್ತಿದ್ದರು.

"ಐವಾ" ಎಂದೆ. ಹೌದು. ಹೇಳಿದ ಮೇಲೆ ಹೋಗಿ ಆ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

ಅವರು ಹೋದರು.

ಅಕ್ಟೋಬರಿನಲ್ಲಿ ನಮಗೆ ಬಾಗ್ದಾದಿನ ದಾರಿಯಾಗಿ ಅಮ್ಮಾನಿಗೆ ಹೋಗುವ ಬಸ್ಸು ಸಿಕ್ಕಿತು, ಅಲ್ಲಿಂದ ಊರಿಗೆ ವಿಮಾನ. ಬಾಯಮ್ಮ ಹೊರಡಲಿಲ್ಲ. "ನಾನು ಬಂದ್ರೆ ಇವರಿಗೆ ಅಕ್ಕಿ ತರುವುದು ಯಾರು? ನೀನು ಹೋಗು, ಯಲ್ಲಾ, ಬೇಗ" ಎಂದು ದಬ್ಬಿದರು. ಯುದ್ಧ ಮುಗಿಯುವವರೆಗೂ ಆ ತಾಯಿ ಮಗಳನ್ನು ಕಾಪಾಡಿದರು.

ಎರಡು ವರ್ಷದ ಮೇಲೆ ನಾವು ಕುವೈತಿಗೆ ಮರಳಿದಾಗ ಫಹಾಹೀಲಿನ ಮೀನು ಮಾರುಕಟ್ಟೆಯಲ್ಲಿ ಬಾಯಮ್ಮ ಸಿಕ್ಕಿದರು. ಅಲ್ಲೇ, ಐಸಿನ ನೀರು ಕಾಲಿಗೆ ಹರಿಯುತ್ತಿರುವಾಗ, ಅಂದು ಕಳಿಸಿ ಎಂದದ್ದಕ್ಕೆ ಕ್ಷಮೆ ಕೇಳಿದೆ.

"ನಾನು ಕೂಡ ಅದನ್ನೇ ಯೋಚಿಸ್ತಿದ್ದೆ" ಎಂದರು. "ದಿನಾ. ನೀನು ಬಾಯಿಬಿಟ್ಟು ಹೇಳಿದಿ, ನಾನು ಹೇಳ್ಲಿಲ್ಲ. ಅಷ್ಟೇ ವ್ಯತ್ಯಾಸ."

ನಿವೃತ್ತರಾಗಿ ಊರಿಗೆ ಹೋದ ಮೂರನೆಯ ವರ್ಷ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಅಂದು ಅವರು ಮನೆಯಲ್ಲಿಲ್ಲದಾಗ ಆ ಸೈನಿಕ ಹುಡುಗ ಎರಡು ಬೆರಳೆತ್ತಿದ್ದರೆ ನಾನು ಏನೆನ್ನುತ್ತಿದ್ದೆನೋ, ನನಗೆ ಗೊತ್ತಿಲ್ಲ. ಅದು ಗೊತ್ತಾಗದಂತೆ ನನ್ನನ್ನು ಉಳಿಸಿದ್ದು ಬಾಯಮ್ಮ.