ಪ್ಲಾಸ್ಟರಿನ ಕೆಳಗಿನ ಧೂಳ್ತ

ಟೀಂ, ಟೀಂ, ಟೀಂ. ಡ್ರಿಪ್ಪಿನ ಪಂಪು ಕೂಗಿದರೆ ಪುಷ್ಪ ಮೊದಲು ನೋಡುವುದು ಪಂಪನ್ನಲ್ಲ, ಮಗುವಿನ ಕೈಯನ್ನು. ಕೊಳ್ಳೇಗಾಲದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ನರ್ಸು. ಕುಂತೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಬಳೆ ತೊಡುವುದಿಲ್ಲ, ಉಗುರು ಬೆಳೆಸುವುದಿಲ್ಲ. ಎಳೆಯ ಕೈಯಲ್ಲಿ ನರ ಸಿಗದಿದ್ದರೆ ಡಾಕ್ಟರೇ ಅವಳನ್ನು ಕರೆಯುತ್ತಾರೆ.

ಕೌದಳ್ಳಿಯ ದೊಡ್ಡಬಸಮ್ಮನ ಮೊಮ್ಮಗಳು, ವರ್ಷದ ಕೂಸು, ನ್ಯುಮೋನಿಯಾ ಎಂದು ಸೇರಿತ್ತು. ಮೂರು ದಿನಕ್ಕೆ ಜ್ವರ ಇಳಿಯಿತು. ಐದನೆಯ ದಿನ ನಡುಕದೊಂದಿಗೆ ಮತ್ತೆ ಏರಿತು. ಕೂಸು ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು.

"ಸೋಂಕು ರಕ್ತಕ್ಕೆ ಇಳಿದಿದೆ ಅನ್ನಿಸುತ್ತೆ. ಉಳಿಸಿಕೊಳ್ಳೋದು ಕಷ್ಟ ಆಗಬಹುದು," ಎಂದ ಡಾಕ್ಟರ್ ರಕ್ತವನ್ನು ಪರೀಕ್ಷೆಗೆ ಕಳಿಸಿದರು. "ಡ್ರಿಪ್ಪಿನ ಸೂಜಿಯ ದಾರೀಲೇ ಹೋಗಿರಬಹುದು."

ಸೂಜಿ ಹಾಕಿದವಳು ಪುಷ್ಪ. ಅವಳು ತನ್ನ ಕೈಗಳನ್ನು ನೋಡಿಕೊಂಡಳು.

ಸೂಜಿ ತೆಗೆಯಲು ಹೋದಾಗ ಪ್ಲಾಸ್ಟರಿನ ಅಂಚನ್ನು ಯಾರೋ ಎತ್ತಿ ಮತ್ತೆ ಒತ್ತಿದ ಗುರುತಿತ್ತು. ಒಳಗೆ ಚರ್ಮ ಕೆಂಪಾಗಿ, ಸೂಜಿಯ ಬುಡದಲ್ಲಿ ಬೂದಿಯಂಥ ಪುಡಿ.

"ಏನಜ್ಜಿ ಇದು?"

"ಮಾದಪ್ಪನ ಧೂಳ್ತ ಕಣವ್ವ, ಬೆಟ್ಟದ್ ವಿಭೂತಿ. ಅಣೇಲಿ ಇಕ್ಕಿದ್ದ ನೀನೇ ಒರ್ಸಾಕ್ಬುಟ್ಟೆ. ಅದ್ಕೇ ನಿನ್ ಕಣ್ಗೆ ಬೀಳ್ದಂಗೆ ಅಲ್ಲಿ ಮಡುಗ್ದೆ. ದಿನಾ ಒಸಿ ಒಸಿ."

ನಿಜ. ಕೂಸು ಬಂದ ದಿನ ಪುಷ್ಪ ಒದ್ದೆ ಬಟ್ಟೆಯಿಂದ ಮಗುವಿನ ಮುಖ ಒರೆಸುತ್ತ, ಇವೆಲ್ಲ ಇಲ್ಲಿ ಬೇಡ ಎಂದಿದ್ದಳು.

ಎರಡು ದಿನಕ್ಕೆ ವರದಿ ಬಂತು. ರಕ್ತದಲ್ಲಿ ಬೆಳೆದದ್ದು ಮಣ್ಣು, ಧೂಳಿನಲ್ಲಿ ಇರುವ ಜಾತಿಯ ರೋಗಾಣು. ಔಷಧಿ ಬದಲಾಯಿತು. ಇನ್ನೂ ನಾಲ್ಕು ದಿನ ಕಳೆದ ಮೇಲೆ ಕೂಸು ಪುಷ್ಪಳ ಕೊರಳಿನ ಗುರುತಿನ ಚೀಟಿ ಹಿಡಿದು ಎಳೆಯಿತು. ಅವಳು ಅಜ್ಜಿಯ ಪೊಟ್ಟಣದಿಂದ ಚಿಟಿಕೆ ಧೂಳ್ತ ತೆಗೆದು ಕೂಸಿನ ಹಣೆಗಿಟ್ಟಳು.

"ಅಣೇಲಿ ಎಷ್ಟ್ ಬೇಕಾದ್ರೂ ಇಕ್ಕಜ್ಜಿ. ಸೂಜಿ ತಾವ ಬ್ಯಾಡ. ಕೂಸ್ನ ಮುಟ್ಟಕ್ ಮುಂಚೆ ಕೈ ತೊಳ್ಕ."

"ನಿನ್ನಂಗೆ ತೊಳ್ಕತಾ ಕುಂತ್ರೆ ಚರ್ಮನೇ ಸುಲ್ದೋಯ್ತದೆ." ದೊಡ್ಡಬಸಮ್ಮ ಕೂಸಿನ ಹಣೆಯ ಧೂಳ್ತವನ್ನು ನೋಡಿದಳು. "ಅಂಗಾರೆ ಧೂಳ್ತದಿಂದ್ಲೇ ಕೂಸ್ಗೆ ಇಂಗಾತು ಅಂತೀಯಾ?"

"ಅವತ್ತು ನಾನು ಒರುಸ್ಬಾರ್ದಾಗಿತ್ತು."

"ನಾ ಕೇಳಿದ್ದು ಅದಲ್ಲ ಕಣವ್ವ. ನಾ ಇಕ್ಕಿದ್ದು—"

ಕಿಟಕಿಯ ಕಡೆಯ ಮಂಚದ ಪಂಪು ಕೂಗತೊಡಗಿತು. ಪುಷ್ಪ ಪೊಟ್ಟಣವನ್ನು ಅಜ್ಜಿಯ ಅಂಗೈಯಲ್ಲಿಟ್ಟು, ಕೈ ತೊಳೆಯಲು ನಲ್ಲಿಯ ಕಡೆ ನಡೆದಳು.