ನಾನು ಹಿಡಿಯದ ಹ್ಯಾಂಡಲ್

ಸೇಡು ಇಟ್ಟುಕೊಂಡವನನ್ನು ಆ ಸೇಡೇ ಒಳಗಿನಿಂದ ತಿಂದುಹಾಕುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನನ್ನು ಅದು ತಿನ್ನಲಿಲ್ಲ. ಸೇಡು ಹೊತ್ತಿದ್ದ ಅಷ್ಟೂ ವರ್ಷ ನನಗೆ ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು, ಜೋಳದ ರೊಟ್ಟಿ ಕರಗುತ್ತಿತ್ತು, ಮಲಗಿದರೆ ಗೊರಕೆ—ಇದಕ್ಕೆ ನನ್ನ ಹೆಂಡತಿಯೇ ಸಾಕ್ಷಿ. ತೊಂದರೆ ಶುರುವಾದದ್ದು ಸೇಡು ತೀರಿದ ಮೇಲೆ.

ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ನನ್ನ ದೊಡ್ಡಪ್ಪನ ಮಗ ಗುರಸಿದ್ದಣ್ಣನ ಬಲಗೈ ಮಣಿಕಟ್ಟು ಮುರಿದದ್ದು ಆಕಸ್ಮಿಕವಲ್ಲ. ಮುರಿದವನು ನಾನು. ಅವನನ್ನು ಮುಟ್ಟಲಿಲ್ಲ, ಪಕ್ಕದಲ್ಲೇ, ಹೊಸ ಟೊಪ್ಪಿಗೆ ಹಾಕಿಕೊಂಡು, ಕೈಮುಗಿದು ನಿಂತಿದ್ದೆ.

ಸೋಲಾಪುರದ ಹತ್ತಿರದ ನಮ್ಮೂರು ಕುಂಭಾರಿಯ ಕೂಡುಮನೆಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಡೀಸೆಲ್‌ನದಲ್ಲ, ಪೆಟ್ರೋಲಿನದು, ಅಜ್ಜ ತಂದದ್ದು. ಅದಕ್ಕೆ ಚಾವಿ ಇಲ್ಲ, ಬ್ಯಾಟರಿ ಇಲ್ಲ. ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಜೋರಾಗಿ ತಿರುವಬೇಕು. ತಿರುವುತ್ತಿದ್ದವನು ನನ್ನ ಅಪ್ಪ. ಬೇರೆ ಯಾರು ಹ್ಯಾಂಡಲ್ ಹೊಡೆದರೂ ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು—ಅಷ್ಟು ಮರ್ಯಾದೆ ಗೊತ್ತಿದ್ದ ಯಂತ್ರ.

ಮನೆ ಒಡೆದು ಆಸ್ತಿ ವಾಟಣಿಯಾದಾಗ ಟ್ರ್ಯಾಕ್ಟರ್ ದೊಡ್ಡಪ್ಪನ ಪಾಲಿಗೆ ಹೋಯಿತು. ಯಾರಿಗಾದರೂ ಹೋಗಲೇಬೇಕಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಮರುದಿನ ಮುಂಜಾನೆ ಅಪ್ಪ ರೂಢಿಯಂತೆ ಹೋಗಿ ಹ್ಯಾಂಡಲ್ ಹಿಡಿದ. ನಾನು ಹಿಂದೆಯೇ ಇದ್ದೆ. ಗುರಸಿದ್ದಣ್ಣ—ಅವನಿಗೆ ಆಗಿನ್ನೂ ಮೀಸೆ ಪೂರ್ತಿ ಬಂದಿರಲಿಲ್ಲ—ಹೊಸ್ತಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಬಾಯಲ್ಲಿದ್ದ ಕೆಂಪು ಹಲ್ಲುಪುಡಿ ಉಗುಳುವಷ್ಟೂ ತಾಳ್ಮೆಯಿಲ್ಲದೆ ಅಂದ:

“ಕಾಕಾ, ಕೈ ತಗೀರಿ. ಇನ್ನ ಅದು ನಮ್ದು.”

ಅಪ್ಪ ಕೈ ತೆಗೆದ. ತೆಗೆದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಹ್ಯಾಂಡಲ್ಲಿಗೆ ಹೊಲಸೇನೂ ಇರಲಿಲ್ಲ—ಆದರೂ ಒರೆಸಿಕೊಂಡ. ಆಮೇಲೆ ಸಾಯುವವರೆಗೆ ಆ ಅಂಗಳಕ್ಕೆ ಕಾಲಿಡಲಿಲ್ಲ. ಮಾತನ್ನಾದರೂ ಮರೆಯಬಹುದಿತ್ತು. ಆ ಒರೆಸಿಕೊಂಡದ್ದನ್ನು—ಇರಲಿ.

ಅಪ್ಪನ ಕೈ ತಪ್ಪಿದ ಮೇಲೆ ಟ್ರ್ಯಾಕ್ಟರ್ ಹೆಚ್ಚು ದಿನ ನಡೆಯಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಕೋಳಿಗಳ ವಾಡೆಯಾಯಿತು. ನಾನು ಸೋಲಾಪುರದ ಬಸ್ ಡಿಪೋದಲ್ಲಿ ಫಿಟ್ಟರ್ ಆದೆ, ಊರಿಂದಲೇ ಹೋಗಿಬಂದು ಮಾಡಿ ನಿವೃತ್ತನೂ ಆದೆ. ಗುರಸಿದ್ದಣ್ಣನ ಜೊತೆ ಮದುವೆ-ಮುಂಜಿಯಲ್ಲಿ ನಗುನಗುತ್ತ ಮಾತಾಡಿದೆ. ಸೇಡಿನ ಮನುಷ್ಯನಿಗೆ ಇರಬೇಕಾದ ಮೊದಲ ಗುಣ ಸೌಜನ್ಯ.

ನಿವೃತ್ತಿಯ ಮರುವರ್ಷ ಅವನೇ ನಮ್ಮ ಕಟ್ಟೆಗೆ ಬಂದು ಕೂತ.

“ಮಲ್ಯಾ, ಆ ಟ್ರ್ಯಾಕ್ಟರ್ ಚಾಲೂ ಮಾಡಿ ಕೊಡ್ತಿಯೇನೋ?”

“ಯಾಕಣ್ಣಾ, ಕೋಳಿ ತತ್ತಿ ಇಡೂದು ಬಿಟ್ಟಾವೇನು?”

“ನಗಬ್ಯಾಡೋ. ಖಂಡೇನವಮಿ ಪೂಜಾದಾಗ ಚಾಲೂ ಆಗಬೇಕು. ಮತ್ತ ರೊಕ್ಕ ಭಾಳ ಹತ್ತಬಾರ್ದು.”

“ರೊಕ್ಕ ಹತ್ತಲಾರದಂಗ ಚಾಲೂ ಆಗಬೇಕಂದ್ರ ಅದು ಪವಾಡ. ಅದಕ್ಕ ಅಕ್ಕಲಕೋಟ ಸ್ವಾಮಿ ಕಡೆ ಹೋಗು. ನಾ ಬರೇ ಫಿಟ್ಟರ್.”

ಅವನು ನಕ್ಕ. ನಾನೂ ನಕ್ಕೆ. ಒಳಗೆ ಆಗಲೇ ತೀರ್ಮಾನವಾಗಿತ್ತು.

ಆ ಎಂಜಿನ್ನಿಗೆ ನಾನು ಮಾಡಿದಷ್ಟು ಸೇವೆಯನ್ನು ದೇವರಿಗೂ ಮಾಡಿಲ್ಲ. ಪಿಸ್ಟನ್ನುಗಳು ಸಿಲಿಂಡರಿನ ಗೋಡೆಗೆ ಕಚ್ಚಿ ಕೂತಿದ್ದವು; ಸೀಮೆಎಣ್ಣೆ, ಔಡಲೆಣ್ಣೆ ಕುಡಿಸಿ, ಕಟ್ಟಿಗೆಯ ತುಂಡಿಟ್ಟು ಬಡಿದು ಬಡಿದು ಬಿಡಿಸಿದೆ. ಸೋಲಾಪುರದ ಗುಜರಿಯಲ್ಲಿ ಯಾವುದೋ ಜೀಪಿನ ರಿಂಗುಗಳು ಸಿಕ್ಕವು; ಅವನ್ನು ಕಾನಸಿನಿಂದ ಉಜ್ಜಿ ಅಳತೆಗೆ ತಂದೆ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಎಲ್ಲೂ ಸಿಗಲಿಲ್ಲ, ತಾಮ್ರದ ತಗಡಿನಲ್ಲಿ ಕತ್ತರಿಸಿದೆ. ವಾಲ್ವುಗಳನ್ನು ಅಂಗೈಯಲ್ಲಿ ಮಜ್ಜಿಗೆ ಕಡೆದಂತೆ ತಿರುವಿ ತಿರುವಿ ಕೂರಿಸಿದೆ. ಕಾರ್ಬುರೇಟರಿನ ಹಿತ್ತಾಳೆ ಹಸಿರುಗಟ್ಟಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿದೆ; ಗುರಸಿದ್ದಣ್ಣನ ಹೆಂಡತಿ, ನಮ್ಮ ವೈನಿ, ಹುಣಸೆಹಣ್ಣಿನ ಡಬ್ಬಿ ಖಾಲಿಯಾದದ್ದು ಕಂಡು ಓಣಿಗೆಲ್ಲ ಕೇಳುವಂತೆ ಕೂಗಿದರು:

“ಸಾರಿಗಿ ಹುಂಚಿಹಣ್ಣಿಲ್ಲ! ಮೈದುನ ಕಬ್ಬಿಣಕ್ಕ ಸಾರ ಮಾಡಾಕತ್ತಾರ!”

ಇಷ್ಟು ಶ್ರದ್ಧೆ ಯಾಕೆಂದು ಕೇಳಬಹುದು. ಸತ್ತ ಎಂಜಿನ್ ಯಾರನ್ನೂ ಒದೆಯುವುದಿಲ್ಲ. ಅದು ಒದೆಯಬೇಕಾದರೆ ಮೊದಲು ಅದಕ್ಕೆ ಪೂರ್ತಿ ಬಲ ಬರಬೇಕು.

ಆ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೋ ಎಂಬ ಪುಟ್ಟ ಡಬ್ಬಿ. ಪಿಸ್ಟನ್ ತುದಿಗೆ ಬಂದಾಗ ಕಿಡಿ ಬಿದ್ದರೆ ಎಂಜಿನ್ ಮುಂದಕ್ಕೆ ತಿರುಗುತ್ತದೆ. ಅದಕ್ಕೆ ಮುಂಚೆಯೇ ಬಿದ್ದರೆ ಹಿಂದಕ್ಕೆ ಒದೆಯುತ್ತದೆ. ಆಗ ಹ್ಯಾಂಡಲ್ ಹಿಡಿದವನ ಕೈಯನ್ನು ಅದು ಕೇಳುವುದಿಲ್ಲ. ಹೆಬ್ಬೆರಳನ್ನು ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿದರೆ ಕೈ ಜಾರಿ ಉಳಿಯಬಹುದು. ಇದನ್ನು ಅಪ್ಪ ನನಗೆ ಕಲಿಸಿದ್ದ. ಗುರಸಿದ್ದಣ್ಣನಿಗೆ ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಲಿಲ್ಲ.

ನಮ್ಮ ಮನೆತನದ ಪದ್ಧತಿ ಹೀಗೆ: ಖಂಡೇನವಮಿಯ ಆಯುಧಪೂಜೆ ಮುಗಿದ ಮೇಲೆ ಯಂತ್ರವನ್ನು ಮೊದಲು ಚಾಲೂ ಮಾಡುವುದು ಮನೆಯ ಹಿರಿಯನ ಕೈ. ಬೇರೆಯವರು ಮುಟ್ಟುವಂತಿಲ್ಲ. ದೊಡ್ಡಪ್ಪ ತೀರಿದ ಮೇಲೆ ಆ ಹಿರಿಯ ಗುರಸಿದ್ದಣ್ಣನೇ. ಇಷ್ಟು ಭದ್ರವಾದ ಪದ್ಧತಿ ಕೈಯಲ್ಲಿರುವಾಗ ಬೇರೆ ಆಯುಧ ಯಾಕೆ? ಹಿಂದಿನ ದಿನ ಎಲ್ಲರೂ ಉಣ್ಣಲು ಹೋದಾಗ ಮ್ಯಾಗ್ನೆಟೋ ಸಡಿಲಿಸಿ, ಕಿಡಿ ಬಹಳ ಮುಂಚೆ ಬೀಳುವಂತೆ ತಿರುಗಿಸಿ, ಮತ್ತೆ ಬಿಗಿದೆ.

ಪೂಜೆ ಚೆನ್ನಾಗಿಯೇ ಆಯಿತು. ಟ್ರ್ಯಾಕ್ಟರ್‌ಗೆ ಜೋಳದ ದಂಟು ಕಟ್ಟಿದರು, ಗಾಲಿಗೆ ನಿಂಬೆಹಣ್ಣಿಟ್ಟರು. ಗುರಸಿದ್ದಣ್ಣ ಹ್ಯಾಂಡಲ್ಲಿಗೆ ಅರಿಷಿಣ ಹಚ್ಚಿ ಎತ್ತಿಕೊಂಡ. ಆದರೆ ಅವನು ಅದನ್ನು ನನ್ನ ಮುಂದೆ ಚಾಚಿದ.

“ತಗೋ ಮಲ್ಯಾ. ನೀ ಹೊಡಿ.”

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಇದು ಕಾಕಾನ ಕೈಯಾಗಿಂದು. ಅವತ್ತ ನಾ ಅಂದ ಮಾತ… ಆಗ ನನಗ ಬುದ್ಧಿ ಇರ್ಲಿಲ್ಲೋ. ಮಗ ಅದೀಯಲ್ಲ, ನೀ ಹೊಡಿ.”

ಇಡೀ ಆಯುಷ್ಯ ನಾನು ಬಯಸಿದ್ದು ಅದೊಂದೇ—ಆ ಹ್ಯಾಂಡಲ್ ನಮ್ಮ ಕೈಗೆ ಮರಳಬೇಕು, ನಾಲ್ಕು ಜನರೆದುರು ಮರಳಬೇಕು. ಮರಳಿತ್ತು. ಅದನ್ನು ಹಿಡಿದರೆ ನನ್ನ ಕೈ ಮುರಿಯುತ್ತದೆ ಎಂಬುದು ಆ ಅಂಗಳದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

“ಛೇ ಛೇ,” ಅಂದೆ. “ಹಿರ್ಯಾ ನೀ ಇರೂಮುಂದ ನಾ ಹೆಂಗ ಹೊಡೀಲಿ? ಮನಿ ಪದ್ಧತಿ ಮುರೀಬಾರ್ದಣ್ಣಾ.”

ಅವನು ಮತ್ತೆ ಕೊಟ್ಟ. ನಾನು ಮತ್ತೆ ನೂಕಿದೆ. ನೆರೆದವರ ಕಣ್ಣು ಒದ್ದೆಯಾದವು. ಪಕ್ಕದ ಮನೆಯ ಮುದುಕನಂತೂ ತನ್ನ ಇಬ್ಬರು ಮಕ್ಕಳ ಕಡೆ ತಿರುಗಿ, “ನೋಡ್ರೋ ಭಾಡ್ಯಾಗೋಳ್ಯಾ, ಅಣ್ಣ-ತಮ್ಮ ಅಂದ್ರ ಹಿಂಗಿರಬೇಕು!” ಎಂದು ಬೈದ.

‘ತಡಿ ಅಣ್ಣಾ, ಒಂದ ಬೋಲ್ಟ್ ಸಡಿಲಾಗೇದ’ ಎನ್ನಬಹುದಿತ್ತು. ಬೋಲ್ಟ್ ಬಿಗಿಯುವ ಪಾನಾ ನನ್ನ ಜೇಬಿನಲ್ಲೇ ಇತ್ತು. ಹೆದರಿ ಸುಮ್ಮನಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ—ಆದರೆ ನಿಜ ಅದಲ್ಲ. ಅವನು ಸೋತು ಮಾತಾಡಿದ್ದೇ ನನ್ನನ್ನು ಕೆರಳಿಸಿತು. ಆ ಮಾತು ಕೇಳಬೇಕಾದವನು ಮಣ್ಣಾಗಿದ್ದ. ಇವನು ಅದನ್ನು ನನ್ನೆದುರು ಆಡಿ ಹಗುರಾಗುವುದೇ? ನಾನು ಟೊಪ್ಪಿಗೆ ಸರಿಮಾಡಿಕೊಂಡು ಕೈಮುಗಿದೆ.

ಅವನು ಹೆಬ್ಬೆರಳು ಸುತ್ತಿ ಹಿಡಿದು, ತಿರುವಿದ. ದಂಟು ಮುರಿದಂಥ ಸದ್ದು.

ಅವನನ್ನು ಜೀಪಿನಲ್ಲಿ ಹಾಕಿ ಸೋಲಾಪುರಕ್ಕೆ ಒಯ್ದರು. ಹತ್ತುವಾಗ ನೋವಿನಲ್ಲೇ ವೈನಿಗೆ ಹೇಳಿದ: “ಮಲ್ಯಾಗ ಏನೂ ಅನಬ್ಯಾಡ್ರಿ. ಅವ ಹೊಡೀಬೇಕಾಗಿತ್ತು, ನಾ ಹೊಡದೆ. ತಪ್ಪ ನಂದು.”

ಎಲ್ಲರೂ ಹೋದ ಮೇಲೆ ನಾನು ಮ್ಯಾಗ್ನೆಟೋವನ್ನು ಅದರ ಸ್ಥಾನಕ್ಕೆ ತಿರುಗಿಸಿದೆ. ಯಾರಿಗೂ ಗೊತ್ತಾಗಬಾರದಲ್ಲ. ಆಮೇಲೆ ಹ್ಯಾಂಡಲ್ ಹೊಡೆದೆ. ಒಂದೇ ಏಟಿಗೆ ಚಾಲೂ ಆಯಿತು—ಅಪ್ಪನ ಕಾಲದ ಅದೇ ಸದ್ದು. ನನಗೆ ಸಂತೋಷವಾಯಿತು. ಅದನ್ನೂ ಬಚ್ಚಿಡುವುದಿಲ್ಲ.

ಎಲುಬು ಸೊಟ್ಟಗೆ ಕೂಡಿತು. ಈಗ ಅವನಿಗೆ ಆ ಕೈಯಿಂದ ರೊಟ್ಟಿ ಮುರಿಯಲು ಬರುವುದಿಲ್ಲ. ಚಮಚೆಯಲ್ಲಿ ಉಣ್ಣುತ್ತಾನೆ, ಧೋತರ ವೈನಿ ಉಡಿಸುತ್ತಾರೆ. ಆದರೂ ಪ್ರತಿ ಖಂಡೇನವಮಿಗೆ ನನ್ನನ್ನು ಕರೆಸಿ, ಎಡಗೈಯಿಂದ ಹ್ಯಾಂಡಲ್ ಎತ್ತಿಕೊಡುತ್ತಿದ್ದ. ಪ್ರತಿ ಸಲವೂ ನಾನು ಹೊಡೆದೆ. ಪ್ರತಿ ಸಲವೂ ಜನ ನನ್ನ ಕೈಗುಣ ಹೊಗಳಿದರು. ಮೇಲೆ ಹೇಳಿದ ತೊಂದರೆ ಇದೇ.

ಇದನ್ನು ಬರೆದು ಅವನಿಗೆ ಕೊಡೋಣವೆಂದು ಮೊದಲು ಯೋಚಿಸಿದ್ದೆ. ಅವನು ಕಲಿತದ್ದು ಮರಾಠಿ ಸಾಲೆಯಲ್ಲಿ, ಕನ್ನಡ ಅಕ್ಷರ ಓದಲಾರ. ಅವನಿಗೆ ಬಾರದ ಲಿಪಿಯಲ್ಲಿ ತಪ್ಪೊಪ್ಪಿಕೊಳ್ಳುವುದು—ನನ್ನ ಧೈರ್ಯದ ಅಳತೆ ಅಷ್ಟು ಎಂದು ನನಗೇ ನಾಚಿಕೆಯಾಯಿತು. ಹೋದ ಶ್ರಾವಣದಲ್ಲಿ ಅವನ ಮನೆಗೆ ಹೋಗಿ, ಎದುರು ಕೂತು, ಬಾಯಿಂದ ಹೇಳಿದೆ. ಮ್ಯಾಗ್ನೆಟೋದಿಂದ ಹಿಡಿದು ಆ ಸಂತೋಷದವರೆಗೆ, ಒಂದನ್ನೂ ಬಿಡಲಿಲ್ಲ. ಅವನು ಎದ್ದು ಒಳಗೆ ಹೋದ.

ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಚಾ ಇಟ್ಟಿದ್ದೆ,” ಅಂದರು. “ಕುಡಿಬ್ಯಾಡ್ರಿ. ಹೋಗ್ರಿ.”

ಈ ಸಲದ ಖಂಡೇನವಮಿಗೆ ನನಗೆ ಕರೆ ಬರಲಿಲ್ಲ. ಟ್ರ್ಯಾಕ್ಟರ್‌ಗೆ ಪೂಜೆಯಾಯಿತು, ಯಾರೂ ಅದನ್ನು ಚಾಲೂ ಮಾಡಲಿಲ್ಲ.